ಫೋನಿನಲ್ಲಿ ಕನ್ನಡ ಟೈಪಿಂಗ್: ಗುಂಡಿಯೋ, ಗಾಜೋ? ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡಿ ಇರುವ ಫೋನ್ ಬೇಕಾ, ಗಾಜಿನ ಮೇಲೆ ಒತ್ತಿದರೆ ಸಾಕಾ, ಬ್ಲೂಟೂತ್ ಕೀಬೋರ್ಡ್ ಕೊಂಡರೆ ದುಡ್ಡು ದಂಡವಾ? ಫೋನಿನಲ್ಲೇ ಕನ್ನಡ ಬರೆಯುವವರು ಕೇಳುವುದು ಹೆಚ್ಚುಕಮ್ಮಿ ಇಷ್ಟನ್ನೇ. ಇಂಗ್ಲಿಷ್ ಬರೆಯುವವರಿಗೆ ಈ ಜಗಳ ಯಾವತ್ತೋ ಮುಗಿದಿದೆ. ಕನ್ನಡದ ಲೆಕ್ಕ ಬೇರೆ. ಹಾಗಾಗಿ ಇಲ್ಲಿರುವ ಉತ್ತರಗಳೆಲ್ಲ ಕನ್ನಡ ಬರೆಯುವವರಿಗೆ.

ಸುತ್ತಿ ಬಳಸಿ ಬೇಡ, ಯಾವುದು ಒಳ್ಳೇದು ಹೇಳಿಬಿಡಿ.

ವಾಟ್ಸ್ಆ್ಯಪ್ ಉತ್ತರ, ಕಾಮೆಂಟು, ನಾಲ್ಕು ಸಾಲಿನ ಪೋಸ್ಟು ಇಂಥವಕ್ಕೆ ಗಾಜು ಸಾಕು. ಪುಟಗಟ್ಟಲೆ ಬರೆಯುವವರು ಹೊರಗಿನ ಕೀಬೋರ್ಡನ್ನು ಫೋನಿಗೆ ಜೋಡಿಸಿಕೊಳ್ಳಿ. ಫೋನಿನ ಮೈಮೇಲೇ ಪುಟ್ಟ ಗುಂಡಿಗಳಿರುವ ಮಾದರಿ ಇದೆಯಲ್ಲ, ಅದು ಕನ್ನಡಕ್ಕೆ ಅಷ್ಟಕ್ಕಷ್ಟೇ.

ಆದರೆ ಗುಂಡಿಯಾ ಗಾಜಾ ಅನ್ನುವುದಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದದ್ದು ಲೇಔಟ್, ಅಂದರೆ ಯಾವ ಅಕ್ಷರ ಯಾವ ಕೀಲಿಯಲ್ಲಿ ಇರುತ್ತದೆ ಅನ್ನುವುದು. ಅದನ್ನು ಸರಿಯಾಗಿ ಆರಿಸಿಕೊಂಡವರು ಎರಡರಲ್ಲೂ ಆರಾಮಾಗಿ ಬರೆಯುತ್ತಾರೆ. ಆರಿಸಿಕೊಳ್ಳದವರು ಎಷ್ಟು ದುಬಾರಿ ಕೀಬೋರ್ಡ್ ತಂದರೂ ಮತ್ತೆ ಹೆಬ್ಬೆರಳಿಗೇ ಬರುತ್ತಾರೆ.

ಗುಂಡಿ ಇದ್ದ ಫೋನುಗಳು ಯಾಕೆ ಮಾಯವಾದವು?

1999ರಲ್ಲಿ ಬ್ಲ್ಯಾಕ್‌ಬೆರಿ 850 ಬಂತು. ಅದು ಫೋನ್ ಅಲ್ಲ, ಇಮೇಲ್ ಓದಿ ಉತ್ತರಿಸುವ ಪೇಜರ್. ಎರಡು ಹೆಬ್ಬೆರಳಲ್ಲಿ ಟೈಪ್ ಮಾಡುವ ರೂಢಿಯನ್ನು ಕಚೇರಿಯವರಿಗೆ ಹಿಡಿಸಿದ್ದು ಆ ಸಾಲಿನ ಸಾಧನಗಳೇ. ಎಂಟೇ ವರ್ಷದಲ್ಲಿ, 2007ರ ಜನವರಿಯಲ್ಲಿ, ಸ್ಟೀವ್ ಜಾಬ್ಸ್ ಐಫೋನ್ ತೋರಿಸುತ್ತಾ ಪ್ಲಾಸ್ಟಿಕ್ ಗುಂಡಿಗಳ ಮೇಲೆ ಒಂದು ದೂರು ಹೇಳಿದರು. ಬೇಕಿರಲಿ ಬೇಡದಿರಲಿ ಅವು ಅಲ್ಲೇ ಕೂತಿರುತ್ತವೆ, ಬೇರೆ ಆ್ಯಪ್‌ಗೆ ಬೇರೆ ಗುಂಡಿ ಬೇಕೆಂದರೆ ಬದಲಾಗುವುದಿಲ್ಲ ಎಂದು.

ಹಾಗಂತ ಎಲ್ಲರೂ ಕೂಡಲೇ ಒಪ್ಪಲಿಲ್ಲ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಗುಂಡಿಗಳ ತಟ್ಟೆ ಜಾರಿಕೊಂಡು ಹೊರಗೆ ಬರುತ್ತಿತ್ತು. ಪರದೆಯ ಮೇಲಿನ ಕೀಬೋರ್ಡ್ ಆಂಡ್ರಾಯ್ಡಿಗೆ ಬಂದದ್ದು 2009ರಲ್ಲಿ, 1.5ನೇ ಆವೃತ್ತಿಯ ಜೊತೆ. ಅಲ್ಲಿಂದ ಮುಂದೆ ಪರದೆ ದೊಡ್ಡದಾಗುತ್ತಾ ಹೋಯಿತು. ಸಿನಿಮಾ ನೋಡುವವರಿಗೆ, ಮ್ಯಾಪ್ ನೋಡುವವರಿಗೆ ಗುಂಡಿಗಳು ಸುಮ್ನೆ ಜಾಗ ತಿನ್ನುವ ವಸ್ತು ಅನ್ನಿಸಿತು. ಬ್ಲ್ಯಾಕ್‌ಬೆರಿ ಹೆಸರಿನ ಗುಂಡಿ ಫೋನುಗಳಲ್ಲಿ ಕೊನೆಯ ದೊಡ್ಡದು 2018ರ ಕೀ2.

ಪರದೆಯ ಕೀಬೋರ್ಡ್ ಕನ್ನಡಕ್ಕೆ ಅಷ್ಟೊಂದು ಹೊಂದುತ್ತೆ ಅಂತೀರಲ್ಲ, ಯಾಕೆ?

ಕಾಗುಣಿತದಿಂದಾಗಿ. ಇಂಗ್ಲಿಷಿಗೆ 26 ಗುಂಡಿ ಕೊಟ್ಟರೆ ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನ. ಒಂದೊಂದಕ್ಕೂ ಕ, ಕಾ, ಕಿ, ಕೀ ಎಂದು ಶುರುವಾಗಿ ಕಂ, ಕಃ ತನಕ 15 ರೂಪ. ಒಟ್ಟು 510. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪ್ಲಾಸ್ಟಿಕ್ ಗುಂಡಿಯ ಮೇಲೆ ಇದನ್ನೆಲ್ಲ ಅಚ್ಚು ಹಾಕುವುದು ಆಗದ ಮಾತು.

ಗಾಜಿಗೆ ಆ ಕಷ್ಟ ಇಲ್ಲ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡಿನಲ್ಲಿ ಕನ್ನಡ ಅಕ್ಷರಗಳಿರುವ ಲೇಔಟ್ ಹಾಕಿಕೊಂಡು ‘ಕ’ ಒತ್ತಿ ನೋಡಿ. ಸ್ವರಗಳಿದ್ದ ಕೀಲಿಗಳು ಕಾ, ಕಿ, ಕೀ ಆಗಿ ಬದಲಾಗುತ್ತವೆ. ‘ಮ’ ಒತ್ತಿದರೆ ಮಾ, ಮಿ, ಮೀ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಬಾಯಿಪಾಠ ಮಾಡಿದ ಯಾರಿಗಾದರೂ ಇದನ್ನು ಬೇರೆ ಕಲಿಸಬೇಕಿಲ್ಲ. ಐಐಟಿ ಬಾಂಬೆಯವರ ಸ್ವರಚಕ್ರ ಎಂಬ ಕೀಬೋರ್ಡ್ ಆ್ಯಪ್ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿತ್ತು. ವ್ಯಂಜನದ ಮೇಲೆ ಬೆರಳಿಟ್ಟರೆ ಸುತ್ತ ಒಂದು ಚಕ್ರ ಮೂಡುತ್ತದೆ, ಬೇಕಾದ ಗುಣಿತದ ಕಡೆಗೆ ಬೆರಳು ಜಾರಿಸಿದರೆ ಆಯಿತು. ಇಂಗ್ಲಿಷ್ ಬಾರದ ಹಿರಿಯರಿಗೆ ಫೋನಿನಲ್ಲಿ ಬರೆಯುವುದನ್ನು ಹೇಳಿಕೊಡುವಾಗ ನಾನು ಈ ಎರಡನ್ನೇ ತೋರಿಸುತ್ತೇನೆ. ಇಂಗ್ಲಿಷ್ ಅಕ್ಷರದ ಮೂಲಕ ಕನ್ನಡ ಬರೆಸುವುದು ಅವರಿಗೆ ಮೂಗನ್ನು ಸುತ್ತಿ ಹಿಡಿದ ಹಾಗೆ.

ಗುಂಡಿ ಬದಲಾಗುವುದಿಲ್ಲ ಎಂಬ ಜಾಬ್ಸ್ ಅವರ ದೂರು ಇಂಗ್ಲಿಷಿಗಿಂತ ನಮ್ಮ ಲಿಪಿಗೇ ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಒಂದು ತೊಂದರೆಯೂ ಇದೆ. ಕನ್ನಡ ಲೇಔಟಿಗೆ ಕೀಲಿ ಜಾಸ್ತಿ ಬೇಕು, ಹಾಗಾಗಿ ಒಂದೊಂದೂ ಸಣ್ಣದಾಗುತ್ತದೆ. ಮೇಜಿನ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಫೋನಿನಲ್ಲಿ ಸಾಲಿಗೆ ಹತ್ತು ಕೀಲಿ ಇಟ್ಟರೆ ಸಿಗುವುದು ಏಳು ಮಿಲಿಮೀಟರಿನ ಆಸುಪಾಸು. ದಪ್ಪ ಬೆರಳಿನವರು ಫೋನ್ ಅಡ್ಡ ಹಿಡಿದು ಬರೆಯಿರಿ.

ಹಳೇ ನೋಕಿಯಾದಲ್ಲಿ ಜೇಬಿನೊಳಗೆ ಕೈ ಇಟ್ಟುಕೊಂಡೇ ಮೆಸೇಜ್ ಮಾಡ್ತಿದ್ವಿ. ಆ ಸುಖ ಈಗ ಇಲ್ಲವಲ್ಲ?

ಇಲ್ಲ, ನಿಜ. 5ರ ಗುಂಡಿಯ ಮೇಲಿನ ಚಿಕ್ಕ ಉಬ್ಬು ಹೆಬ್ಬೆರಳಿಗೆ ಸಿಕ್ಕರೆ ಉಳಿದ ಗುಂಡಿಗಳೆಲ್ಲ ಎಲ್ಲಿವೆ ಅಂತ ಗೊತ್ತಾಗುತ್ತಿತ್ತು. ಕ್ಲಾಸಿನಲ್ಲಿ ಮೇಷ್ಟ್ರ ಮುಖ ನೋಡುತ್ತಲೇ ಬೆಂಚಿನ ಕೆಳಗೆ ಮೆಸೇಜ್ ಕಳಿಸಿದವರು ಎಷ್ಟೋ ಜನ. ಗಾಜು ಎಷ್ಟು ನಡುಗಿದರೂ ಎಲ್ಲ ಕಡೆ ಒಂದೇ ಥರ ನಡುಗುತ್ತದೆ. ಯಾವ ಕೀಲಿ ಅಂತ ಹೇಳುವುದಿಲ್ಲ.

ಆದರೆ ಆಗ ನಾವು ಬರೆದದ್ದು ಕನ್ನಡ ಲಿಪಿಯಲ್ಲೇನೂ ಅಲ್ಲ. ಇಂಗ್ಲಿಷ್ ಅಕ್ಷರದ ಕನ್ನಡ. ಅದಕ್ಕೆ ಗುಂಡಿಯ ಜೊತೆ ಇನ್ನೊಂದು ಕಾರಣವೂ ಇತ್ತು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡ ಲಿಪಿಯಲ್ಲಿ 70 ಮಾತ್ರ. ಅದೂ ಒತ್ತು, ಗುಣಿತದ ಗುರುತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ. ‘ಚೆನ್ನಾಗಿದ್ದೀರಾ’ ಎಂಬುದು ಕಣ್ಣಿಗೆ ಐದು ಅಕ್ಷರ, ಎಸ್ಸೆಮ್ಮೆಸ್ಸಿನ ಲೆಕ್ಕದಲ್ಲಿ 14. ಯೋಗಕ್ಷೇಮ ವಿಚಾರಿಸುವಷ್ಟರಲ್ಲಿ ಐದನೇ ಒಂದು ಭಾಗ ಖಾಲಿ. ದುಡ್ಡು ಕೊಟ್ಟು ಮೆಸೇಜ್ ಮಾಡುತ್ತಿದ್ದ ಕಾಲದಲ್ಲಿ ಕಂಗ್ಲಿಷ್ ಬೆಳೆಯದೆ ಇನ್ನೇನಾದೀತು!

ವೇಗದಲ್ಲಿ ಯಾವುದು ಮುಂದೆ?

ಮೇಜಿನ ಕೀಬೋರ್ಡೇ ಮುಂದೆ, ಆದರೆ ನೀವು ಅಂದುಕೊಂಡಷ್ಟು ಅಲ್ಲ. 2019ರಲ್ಲಿ ಆಲ್ಟೋ, ಕೇಂಬ್ರಿಜ್ ಮತ್ತು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 37,000 ಜನ ಫೋನಿನಲ್ಲಿ ಟೈಪ್ ಮಾಡುವುದನ್ನು ಅಳೆದರು. ಸರಾಸರಿ ನಿಮಿಷಕ್ಕೆ 36 ಪದ. ಅದಕ್ಕೆ ಹಿಂದಿನ ವರ್ಷ ಕಂಪ್ಯೂಟರ್ ಕೀಬೋರ್ಡಿನ ಮೇಲೆ ಮಾಡಿದ್ದ ಇಂಥದ್ದೇ ಅಧ್ಯಯನದಲ್ಲಿ ಸರಾಸರಿ 52 ಬಂದಿತ್ತು. ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳು ಫೋನಿನಲ್ಲಿ ನಲವತ್ತು ದಾಟಿದವರಿಗಿಂತ ನಿಮಿಷಕ್ಕೆ ಹತ್ತು ಪದದಷ್ಟು ಮುಂದಿದ್ದರು.

ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಬೇರೆ ಒಂದು ವಿಷಯ. ತಪ್ಪನ್ನು ತಾನಾಗಿಯೇ ತಿದ್ದುವ ಸೌಲಭ್ಯ ಬಳಸಿದವರು ವೇಗವಾಗಿದ್ದರು. ಮೇಲೆ ಬರುವ ಸಲಹೆಯ ಪದಗಳನ್ನು ಆರಿಸಿ ಒತ್ತುತ್ತಿದ್ದವರು ನಿಧಾನವಾಗಿದ್ದರು. ಸಲಹೆ ಓದಿ, ತೂಗಿ, ಒತ್ತುವುದಕ್ಕೆ ಹೊತ್ತು ಹಿಡಿಯುತ್ತದೆ. ಇದೆಲ್ಲ ಮುಖ್ಯವಾಗಿ ಇಂಗ್ಲಿಷ್ ವಾಕ್ಯಗಳ ಅಳತೆ, ಕನ್ನಡಕ್ಕೆ ಹಾಗೇ ಅಂಟಿಸಬೇಡಿ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮಾಡುವವರಿಗೆ ಸಲಹೆ ಆರಿಸದೆ ಗತಿಯೇ ಇಲ್ಲ ಎನ್ನುವುದು ನೆನಪಿರಲಿ.

ಹಾಗಾದರೆ ಯಾವ ಲೇಔಟ್ ಕಲಿಯಲಿ? ನುಡಿ, ಇನ್‌ಸ್ಕ್ರಿಪ್ಟ್, ಫೊನೆಟಿಕ್ ಅಂತ ಮೂರು ಇದೆಯಲ್ಲ.

‘ಕನ್ನಡ’ ಅನ್ನುವ ಪದವನ್ನೇ ಮೂರರಲ್ಲೂ ಬರೆದು ನೋಡೋಣ.

ನುಡಿ ತಂತ್ರಾಂಶದ ಲೇಔಟ್, ಅಂದರೆ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸದಲ್ಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಸಲ ಒತ್ತಬೇಕು. ಎಫ್ ಕೀಲಿ ಇಲ್ಲಿ ಒತ್ತಕ್ಷರ ಕೂಡಿಸುವ ಕೊಂಡಿ. ಡಬ್ಲ್ಯೂ ಅಂದರೆ ‘ಡ’.

ಇನ್‌ಸ್ಕ್ರಿಪ್ಟಿನಲ್ಲಿ: ಕೆ, ವಿ, ಡಿ, ವಿ, ಕೊನೆಗೆ ಪಿ ಪಕ್ಕದ ಚೌಕ ಆವರಣದ ಕೀಲಿ. ಇದೂ ಐದು. ಇಲ್ಲಿ ಕೊಂಡಿ ಕೀಲಿ ಡಿ.

ಇಂಗ್ಲಿಷ್ ಅಕ್ಷರದ ಫೊನೆಟಿಕ್‌ನಲ್ಲಿ: ಕೆ, ಎ, ಎನ್, ಎನ್, ಎ, ಡಿ, ಎ. ಏಳು, ಮೇಲೆ ಸಲಹೆ ಆರಿಸುವ ಒಂದು ಒತ್ತು.

ಇನ್‌ಸ್ಕ್ರಿಪ್ಟ್ 1980ರ ದಶಕದಲ್ಲಿ ಭಾರತ ಸರ್ಕಾರ ಎಲ್ಲ ಭಾರತೀಯ ಲಿಪಿಗೂ ಒಂದೇ ಜಾಗ ಇರಲಿ ಅಂತ ಮಾಡಿಸಿದ್ದು. ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಕನ್ನಡದಲ್ಲಿ ಕಲಿತರೆ ತೆಲುಗು, ಹಿಂದಿಯಲ್ಲೂ ಅದೇ ಬೆರಳು ನಡೆಯುತ್ತದೆ. ಕಗಪ ವಿನ್ಯಾಸದ ಹಿಂದೆ ಇರುವುದು ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಹಿರಿಯರಾದ ಕೆ. ಪಿ. ರಾವ್ ಅವರ ಕೆಲಸ. ಇದರ ಜಾಣತನ ಏನೆಂದರೆ ನಮ್ಮ ಅಕ್ಷರಮಾಲೆಯನ್ನು ಇಂಗ್ಲಿಷಿನ 26 ಕೀಲಿ ಮತ್ತು ಶಿಫ್ಟ್‌ನೊಳಗೆ ಕೂಡಿಸಿರುವುದು. ಅಲ್ಪಪ್ರಾಣ ಸುಮ್ನೆ ಒತ್ತಿದರೆ, ಮಹಾಪ್ರಾಣ ಶಿಫ್ಟ್ ಹಿಡಿದರೆ. ‘ಕ’ ಕೆ, ‘ಖ’ ಶಿಫ್ಟ್ ಕೆ. ಕಲಿಯಲು ಸುಲಭ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕೂತವರ ಬೆರಳಿಗೆ ಹತ್ತಿರುವುದು ಇದೇ.

ನನ್ನ ಸಲಹೆ: ಹೊರಗಿನ ಕೀಬೋರ್ಡ್ ಬಳಸುವ ಆಸೆ ಇದ್ದರೆ ಕಗಪ ಕಲಿಯಿರಿ. ಬರೀ ಫೋನಿನ ಗಾಜಿನ ಮೇಲೆ ಬರೆಯುವವರಾದರೆ ಕನ್ನಡ ಅಕ್ಷರ ಕಾಣುವ ಲೇಔಟ್ ಸಾಕು. ಬೇರೆ ಭಾರತೀಯ ಭಾಷೆಯಲ್ಲೂ ಬರೆಯುವವರು ಇನ್‌ಸ್ಕ್ರಿಪ್ಟ್ ನೋಡಬಹುದು.

ಹಳಬರಿಗೆ ಒಂದು ಮಾತು. ಲೇಔಟ್ ಬೇರೆ, ಫಾಂಟ್ ಬೇರೆ. ಹಿಂದಿನ ನುಡಿಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ್ದು) ಬರೆದ ಕಡತವನ್ನು ಫೋನಿಗೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಷ್ಟೇ ಕಾಣುತ್ತವೆ. ಮೊದಲು ಯುನಿಕೋಡಿಗೆ, ಅಂದರೆ ಎಲ್ಲ ಸಾಧನಗಳೂ ಓದಬಲ್ಲ ಸಂಕೇತಕ್ಕೆ, ಬದಲಾಯಿಸಿ. ಬೆರಳಿನ ಅಭ್ಯಾಸ ಮಾತ್ರ ಹಾಗೇ ಉಳಿಸಿಕೊಳ್ಳಬಹುದು.

ಬ್ಲ್ಯಾಕ್‌ಬೆರಿ ಥರದ ಪುಟ್ಟ ಗುಂಡಿಗಳಲ್ಲಿ ಕಗಪ ನಡೆಯುತ್ತಾ?

26 ಕೀಲಿ ಸಾಕಲ್ಲ, ನಡೆಯಬೇಕು ಅನ್ನಿಸುತ್ತದೆ. ಆದರೆ ಶಿಫ್ಟ್ ಕಾಟ ಕೊಡುತ್ತದೆ. ‘ಮಾಡೋಣ’ ಬರೆಯಿರಿ. ಎಮ್, ಶಿಫ್ಟ್ ಎ, ಡಬ್ಲ್ಯೂ, ಶಿಫ್ಟ್ ಓ, ಶಿಫ್ಟ್ ಎನ್. ಐದು ಅಕ್ಷರದ ಕೀಲಿಗೆ ಮೂರು ಸಲ ಶಿಫ್ಟ್. ಮೇಜಿನ ಮೇಲೆ ಕಿರುಬೆರಳು ಶಿಫ್ಟ್ ಹಿಡಿದಿರುತ್ತದೆ, ಗೊತ್ತೇ ಆಗುವುದಿಲ್ಲ. ಎರಡೇ ಹೆಬ್ಬೆರಳಲ್ಲಿ ಅದು ಬೇರೆಯದೇ ಒತ್ತು, ಅಂದರೆ ಐದು ಹೋಗಿ ಎಂಟಾಯಿತು. ದೀರ್ಘ ಸ್ವರ, ಮಹಾಪ್ರಾಣ, ಣ, ಳ, ಶ ಎಲ್ಲಕ್ಕೂ ಇದೇ ಕಥೆ. ಕನ್ನಡದ ಯಾವ ವಾಕ್ಯದಲ್ಲಿ ಇವು ಇರುವುದಿಲ್ಲ ಹೇಳಿ!

ಇಷ್ಟಾಗಿ ಗುಂಡಿಯ ಒತ್ತನ್ನು ಕನ್ನಡ ಮಾಡಿಕೊಡುವ ಆ್ಯಪ್ ಆ ಫೋನಿನಲ್ಲಿ ಕೆಲಸ ಮಾಡಬೇಕು. ಇನ್‌ಸ್ಕ್ರಿಪ್ಟಂತೂ ಅಲ್ಲಿ ಹಿಡಿಸುವುದೇ ಇಲ್ಲ. ಅದಕ್ಕೆ ಆವರಣ, ಅರ್ಧವಿರಾಮದ ಕೀಲಿಗಳೂ ಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುತ್ತಲ್ಲ, ಸುಲಭ ಅಲ್ವಾ? ಅದನ್ನೇಕೆ ಬೈಯುತ್ತೀರಿ?

ಬೈಯುತ್ತಿಲ್ಲ, ನಾನೂ ಬಳಸುತ್ತೇನೆ. ಆದರೆ ಇಂಗ್ಲಿಷಿನ ಎಲ್ ಒಂದೇ, ನಮ್ಮಲ್ಲಿ ಲ ಮತ್ತು ಳ. ಅದರ ಎನ್ ಒಂದೇ, ನಮ್ಮಲ್ಲಿ ನ ಮತ್ತು ಣ. ‘ಹಳ್ಳಿಗೆ ಹೊರಟಿದ್ದೀನಿ’ ಎಂದು ಬರೆಯಹೊರಟವರು ಹಲ್ಲಿಗೆ ಹೊರಡುವುದು ಇದರಿಂದಲೇ. ಬೇಳೆ ಬೆಲೆಯಾಗುತ್ತದೆ, ಕಾಳು ಕಾಲಾಗುತ್ತದೆ. ಯಂತ್ರ ಹಿಂದಿನ ಮುಂದಿನ ಪದ ನೋಡಿ ಊಹಿಸುತ್ತದೆ, ಮೊದಲಿಗಿಂತ ಎಷ್ಟೋ ಚೆನ್ನಾಗಿ. ಆದರೂ ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ. ಮದುವೆ ಕರೆಯೋಲೆಯ ಕರಡನ್ನು ಹೀಗೆ ಬರೆದು ನೇರ ಪ್ರೆಸ್ಸಿಗೆ ಕಳಿಸುವವರಿದ್ದಾರೆ, ಅವರಿಗಂತೂ ಖಂಡಿತ.

ಕನ್ನಡದಲ್ಲಿ ಆಟೋಕರೆಕ್ಟ್ ಯಾಕಿಷ್ಟು ಎಡವುತ್ತೆ?

ನಮ್ಮ ಪದಗಳು ಬಾಲ ಬೆಳೆಸಿಕೊಳ್ಳುತ್ತವೆ. ‘ಊರು’ ನಿಘಂಟಿನಲ್ಲಿದೆ. ‘ಊರಿನಲ್ಲಿರುವವರಿಗೆಲ್ಲ’ ಇರುವುದು ಕಷ್ಟ. ‘ಹೋಗಬೇಕಾಗಿತ್ತಲ್ಲವೇ’ ಎಂದು ಒಂದೇ ಉಸಿರಿನಲ್ಲಿ ಬರೆದರೆ ಯಂತ್ರ ಅದನ್ನು ತಪ್ಪು ಅಂದುಕೊಂಡು ಕತ್ತರಿ ಹಾಕಲು ಬರುತ್ತದೆ. ಧಾರವಾಡದ ‘ಹೋಗ್ಯಾನ’, ಕುಂದಾಪುರದ ಮಾತು ಬರೆದಿರೋ, ಇನ್ನೂ ತಬ್ಬಿಬ್ಬು. ನಿಮ್ಮ ಪದಗಳನ್ನು ವೈಯಕ್ತಿಕ ನಿಘಂಟಿಗೆ ಸೇರಿಸುತ್ತಾ ಹೋಗಿ, ಕಲಿಯುತ್ತದೆ. ಕಥೆಯಲ್ಲಿ ಆಡುಮಾತು ಬರೆಯುವವರು ತಾನಾಗಿ ತಿದ್ದುವುದನ್ನು ಪೂರ್ತಿ ನಿಲ್ಲಿಸಿಬಿಡುವುದೇ ವಾಸಿ.

ಬ್ಲೂಟೂತ್ ಕೀಬೋರ್ಡ್ ತಂದೆ. ಇಂಗ್ಲಿಷ್ ಬರುತ್ತೆ, ಕನ್ನಡ ಬರಲ್ಲ. ಕೀಬೋರ್ಡ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಕೀಬೋರ್ಡಿಗೆ ಭಾಷೆ ಗೊತ್ತಿರುವುದಿಲ್ಲ. ‘ಇಷ್ಟನೇ ಕೀಲಿ ಒತ್ತಿದರು’ ಎಂದಷ್ಟೇ ಅದು ಫೋನಿಗೆ ಹೇಳುತ್ತದೆ. ಅದನ್ನು ‘ಕ’ ಮಾಡುವುದು ಫೋನಿನ ಕೆಲಸ. ನೀವು ಗಾಜಿನ ಮೇಲೆ ಬರೆಯುವಾಗ ಆ ಕೆಲಸ ಮಾಡುತ್ತಿದ್ದದ್ದು ಪರದೆಯ ಕೀಬೋರ್ಡ್ ಆ್ಯಪ್. ಹೊರಗಿನ ಕೀಬೋರ್ಡ್ ಜೋಡಿಸಿದ ಕೂಡಲೇ ಎಷ್ಟೋ ಆ್ಯಪ್‌ಗಳು ನಡುವಿನಿಂದ ಸರಿದುಬಿಡುತ್ತವೆ. ಆಗ ಕೀಲಿಯ ಮೇಲಿರುವ ಇಂಗ್ಲಿಷೇ ನೇರ ಪರದೆಗೆ ಬರುತ್ತದೆ.

ಹೀಗೆ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಫಿಸಿಕಲ್ ಕೀಬೋರ್ಡ್’ ಎಂಬ ಜಾಗ ಹುಡುಕಿ. ಕೀಬೋರ್ಡ್ ಜೋಡಿಸಿದ ಮೇಲೆಯೇ ಅದು ಕಾಣಿಸಬಹುದು. ಅಲ್ಲಿ ಕನ್ನಡ ಲೇಔಟ್ ಇದೆಯಾ ನೋಡಿ. ಇಲ್ಲದಿದ್ದರೆ ಹೊರಗಿನ ಕೀಬೋರ್ಡಿಗೂ ಕನ್ನಡ ಕೊಡುತ್ತೇವೆ ಎಂದು ಸ್ಪಷ್ಟವಾಗಿ ಹೇಳುವ ಆ್ಯಪ್ ಹಾಕಿಕೊಳ್ಳಿ. ಕೀಬೋರ್ಡ್ ಕೊಳ್ಳುವ ಮುಂಚೆ ಈ ಪರೀಕ್ಷೆಗೆ ದುಡ್ಡು ಖರ್ಚಾಗುವುದಿಲ್ಲ. ಮನೆಯ ಕಂಪ್ಯೂಟರಿನ ಯುಎಸ್‌ಬಿ ಕೀಬೋರ್ಡನ್ನು ಒಂದು ಓಟಿಜಿ ಕೊಂಡಿಯಿಂದ (ಫೋನಿನ ಚಾರ್ಜಿಂಗ್ ತೂತಿಗೆ ಯುಎಸ್‌ಬಿ ಸಾಧನ ಜೋಡಿಸುವ ಪುಟ್ಟ ತಂತಿ) ಫೋನಿಗೆ ಸಿಕ್ಕಿಸಿ ‘ಕನ್ನಡ’ ಬರೆದು ನೋಡಿ. ಬಂದರೆ ಮಾತ್ರ ಬ್ಲೂಟೂತಿನದ್ದಕ್ಕೆ ಕೈ ಹಾಕಿ.

ಕೊಳ್ಳುವಾಗ ಮಡಚುವಂಥದ್ದು ನೋಡಲು ಚೆಂದ, ಆದರೆ ಕೆಲವದರಲ್ಲಿ ನಡುವಿನ ಕೀಲಿಗಳು ಎರಡು ಹೋಳಿನ ಸಂದಿಗೆ ಬಂದು ವಿಚಿತ್ರ ಆಕಾರದಲ್ಲಿರುತ್ತವೆ. ಎಡಗಡೆಯ ಶಿಫ್ಟ್ ಪುಟ್ಟದಾಗಿದ್ದರೆ ಬಿಟ್ಟುಬಿಡಿ, ಕಗಪದಲ್ಲಿ ಅದೇ ಜೀವಾಳ. ಫೋನ್ ನಿಲ್ಲಿಸಲು ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಕೀಲಿಗಳ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸಬೇಕಾ ಅಂತಲೂ ಕೇಳುತ್ತಾರೆ. ಬೇಡ. ಲೇಔಟಿನ ಚಿತ್ರವನ್ನು ಪ್ರಿಂಟ್ ಹಾಕಿ ಎದುರಿಗೆ ಇಟ್ಟುಕೊಳ್ಳಿ. ಕಣ್ಣು ಕೆಳಗಿಳಿದಷ್ಟೂ ಬೆರಳು ಕಲಿಯುವುದು ತಡ.

ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಅಕ್ಷರ ಪೂರ್ತಿ ಹೋಗಲ್ಲ, ಅರ್ಧ ಉಳಿಯುತ್ತೆ. ಯಾಕೆ?

ನಿಮಗೆ ಒಂದು ಅಕ್ಷರ, ಯಂತ್ರಕ್ಕೆ ಹಲವು. ‘ಲಕ್ಷ್ಮೀ’ಯ ‘ಕ್ಷ್ಮೀ’ ಒಳಗೆ ಕ, ಕೊಂಡಿ, ಷ, ಕೊಂಡಿ, ಮ, ದೀರ್ಘ ಅಂತ ಆರು ತುಂಡು. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಹಿಂದಿನಿಂದ ಒಂದೊಂದೇ ತೆಗೆಯುತ್ತದೆ. ಇದು ಉಪಕಾರವೇ. ‘ಕಿ’ ಬದಲು ‘ಕೀ’ ಬೇಕಾದರೆ ಗುಣಿತ ಮಾತ್ರ ಅಳಿಸಿದರೆ ಆಯಿತು. ಹೊರಗಿನ ಕೀಬೋರ್ಡಿನ ಡಿಲೀಟ್ ಕೀಲಿ ಮಾತ್ರ ಹೆಚ್ಚಿನ ಕಡೆ ಇಡೀ ಅಕ್ಷರವನ್ನೇ ನುಂಗುತ್ತದೆ. ಎರಡರ ವ್ಯತ್ಯಾಸ ಗೊತ್ತಿದ್ದರೆ ತಿದ್ದುವುದು ಸಲೀಸು.

‘ಫೇಸ್‌ಬುಕ್’ ಬರೆಯಲು ಹೋದರೆ ‘ಫೇಸ್ಬುಕ್’ ಆಗುತ್ತೆ.

ಸ್ ಮತ್ತು ಬು ನಡುವೆ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಬೇಕು. ‘ರ‍್ಯಾಂಕ್’ ಬರೆಯಲೂ ಇಂಥದ್ದೇ ಇನ್ನೊಂದು ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರಿಗೆ ಸಲಹೆಗಳಲ್ಲೇ ಸರಿಯಾದದ್ದು ಸಿಗುವುದುಂಟು. ಲೇಔಟಿನಿಂದ ಬರೆಯುವವರು ತಮ್ಮ ಆ್ಯಪ್‌ನಲ್ಲಿ ಆ ಕೀಲಿ ಎಲ್ಲಿದೆ ಅಂತ ಒಮ್ಮೆ ಹುಡುಕಿಟ್ಟುಕೊಳ್ಳಬೇಕು. ತೀರಾ ಸಿಗದಿದ್ದರೆ ಸರಿಯಾಗಿ ಬರೆದ ಪದವನ್ನು ಕಾಪಿ ಮಾಡಿ ನಿಘಂಟಿಗೆ ಸೇರಿಸಿ.

ಹೆಬ್ಬೆರಳು ನೋಯುತ್ತೆ.

ನಿಲ್ಲಿಸಿ. ತಮಾಷೆ ಅಲ್ಲ, ಬ್ಲ್ಯಾಕ್‌ಬೆರಿ ಕಾಲದಲ್ಲಿ ಈ ನೋವಿಗೆ ಆ ಫೋನಿನ ಹೆಸರೇ ಬಿದ್ದಿತ್ತು. ಗುಂಡಿಯನ್ನು ಅದುಮಬೇಕು, ಗಾಜನ್ನು ತಾಗಿದರೆ ಸಾಕು. ಆದರೂ ಗಂಟೆಗಟ್ಟಲೆ ಹೆಬ್ಬೆರಳು ಆಡಿಸಿದರೆ ಎರಡರಲ್ಲೂ ಬುಡ ಹಿಡಿದುಕೊಳ್ಳುತ್ತದೆ. ಉದ್ದ ಬರೆಯುವ ಕೆಲಸವನ್ನು ಹತ್ತೂ ಬೆರಳಿಗೆ ಹಂಚಿ. ಮಣಿಕಟ್ಟಿನ ತನಕ ನೋವು ಬಂದಿದ್ದರೆ ಡಾಕ್ಟರಿಗೆ ತೋರಿಸಿ.

ಕಣ್ಣು ಕಾಣದವರಿಗೆ ಯಾವುದು ಸರಿ?

ಗುಂಡಿಗೆ ಇಲ್ಲಿ ನಿಜವಾದ ಮೇಲುಗೈ ಇದೆ. ಎಫ್ ಮತ್ತು ಜೆ ಮೇಲಿನ ಉಬ್ಬು ತಡವಿ ಬೆರಳಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ. ಗಾಜಿನ ಮೇಲೆ ಆಂಡ್ರಾಯ್ಡಿನ ಪರದೆ ಓದುವ ಸೌಲಭ್ಯ ಟಾಕ್‌ಬ್ಯಾಕ್ ಪ್ರತಿ ಕೀಲಿಯನ್ನೂ ಓದಿ ಹೇಳುತ್ತದೆ, ಬರೆಯಬಹುದು, ಆದರೆ ನಿಧಾನ. ವಯಸ್ಸಾದವರಿಗೆ ಗುಂಡಿಯೇ ಬೇಕೆಂದರೆ ಕೀಪ್ಯಾಡ್ ಫೋನುಗಳು ಈಗಲೂ ಇವೆ. 2018ರ ಜಿಯೋಫೋನ್ 2ರಲ್ಲಿ ಪೂರ್ತಿ ಕ್ವರ್ಟಿ, ಅಂದರೆ ಕಂಪ್ಯೂಟರ್ ಕೀಬೋರ್ಡಿನಂಥ, ಗುಂಡಿಗಳೇ ಇದ್ದವು. ಆದರೆ ಅಂಥವರಲ್ಲಿ ಎಷ್ಟೋ ಜನಕ್ಕೆ ಬೇಕಿರುವುದು ಕರೆ ಮಾಡುವ ಗುಂಡಿ, ಬರೆಯುವ ಗುಂಡಿ ಅಲ್ಲ.

ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತಲ್ಲ, ಇದೆಲ್ಲ ಯಾಕೆ ಬೇಕು?

ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಿತು. ಮೊದಲ ಕರಡಿಗೆ ಬಹಳ ಚೆನ್ನ. ಬಸ್ಸಿನಲ್ಲಿ ಕೂತು ಮನೆ ವಿಷಯ ಹೇಳಲು ಆಗುವುದಿಲ್ಲ, ಅಷ್ಟೇ. ಪೂರ್ಣವಿರಾಮ, ಅಲ್ಪವಿರಾಮ ಹಾಕಲು, ಹೆಸರು ತಿದ್ದಲು ಕೊನೆಗೆ ಬೆರಳೇ ಬೇಕು.

ಯಾವುದೋ ಹೊಸ ಕೀಬೋರ್ಡ್ ಆ್ಯಪ್ ಬಂದಿದೆ. ಹಾಕಿಕೊಳ್ಳಲಾ?

ಹಾಕುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ: ನೀವು ಒತ್ತುವುದನ್ನೆಲ್ಲ, ಪಾಸ್‌ವರ್ಡ್ ಸಮೇತ, ಇದು ಸಂಗ್ರಹಿಸಬಹುದು ಎಂದು. ಅದನ್ನು ಓದದೆ ಓಕೆ ಒತ್ತಬೇಡಿ. ಬಣ್ಣಬಣ್ಣದ ಥೀಮಿಗಾಗಿ ಗೊತ್ತಿಲ್ಲದವರ ಕೀಬೋರ್ಡ್ ಹಾಕುವುದು ಬೇಡವೇ ಬೇಡ.

ಹಳೇ ಬ್ಲ್ಯಾಕ್‌ಬೆರಿ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗ್ತಿದೆ. ಬರೆಯೋಕೆ ಅಂತಲೇ ತಗೊಳ್ಳಲಾ?

ಅದರಲ್ಲಿ ಬ್ಲ್ಯಾಕ್‌ಬೆರಿಯದ್ದೇ ಓಎಸ್ ಇದ್ದರೆ ಬೇಡ. 2022ರ ಜನವರಿ 4ಕ್ಕೆ ಅದರ ಸೇವೆಗಳು ನಿಂತವು, ಕರೆ ಮತ್ತು ಮೆಸೇಜೂ ನಂಬುವ ಹಾಗಿಲ್ಲ. ಆಂಡ್ರಾಯ್ಡ್ ಇರುವ ಕೀವನ್, ಕೀ2 ಆದರೆ ಆನ್ ಆಗುತ್ತವೆ, ಆದರೆ ಹಳೇ ಆಂಡ್ರಾಯ್ಡು, ಹಳೇ ಬ್ಯಾಟರಿ. ಬ್ಯಾಂಕಿನ ಆ್ಯಪ್ ಹಾಕುವ ಫೋನಾಗಿ ಬೇಡ. ಗುಂಡಿಯ ಹುಚ್ಚು ಬಿಡಲಾಗದಿದ್ದರೆ 2024ರಿಂದ ಐಫೋನಿಗೆ ಕ್ಲಿಕ್ಸ್ ಎಂಬ ಗುಂಡಿಗಳ ಕವಚ ಬರುತ್ತಿದೆ. ಯೂನಿಹರ್ಟ್ಜ್ ಕಂಪನಿ ಟೈಟನ್ ಹೆಸರಿನಲ್ಲಿ ಗುಂಡಿ ಇರುವ ಆಂಡ್ರಾಯ್ಡ್ ಫೋನ್ ಮಾಡುತ್ತದೆ. ಇಂಗ್ಲಿಷ್ ಇಮೇಲ್ ಬರೆಯುವವರಿಗೆ ಅವು ಖುಷಿ ಕೊಟ್ಟಾವು. ಕನ್ನಡ ಬರೆಯಲು ಕೊಳ್ಳುವುದಾದರೆ ಮೊದಲು ಅಂಗಡಿಯಲ್ಲೋ ಗೆಳೆಯರ ಕೈಲೋ ಇರುವುದರಲ್ಲಿ ‘ಮಾಡೋಣ’ ಅಂತ ಒಮ್ಮೆ ಬರೆದು ನೋಡಿ, ಆಮೇಲೆ ದುಡ್ಡು ಕೊಡಿ.